ಜನರಲ್ ಸಾಹೇಬರ ಕೊನೆಯ ದರ್ಬಾರು

ನೂರ್‌ಕೋಟ್
೧೪ ಮಾರ್ಚ್ ೨೦೦೩, ಶುಕ್ರವಾರ

ಮಾತು ಬಿಟ್ಟರೂ ಮಗಳೇ ಆಗಿರುವ ನನ್ನ ಅಫ್ಶೀನ್‌ಗೆ ಅಮ್ಮಿಯ ಸಲಾಮು, ಆಶೀರ್ವಾದ.

ಲಕೋಟೆಯ ದಪ್ಪ ನೋಡಿಯೇ ನಿನಗೆ ಸಿಟ್ಟು ಬಂದಿರುತ್ತದೆ. ಒಲೆಗೆ ಹಾಕುವುದಾದರೂ ಪೂರ್ತಿ ಓದಿ ಹಾಕು. ಕ್ವೆಟ್ಟಾದಲ್ಲಿ ಇನ್ನೂ ಚಳಿ ಬಿಟ್ಟಿಲ್ಲವಂತೆ, ನಿನ್ನ ರಾಬಿಯಾ ಖಾಲಾ ಬರೆದಿದ್ದಳು. ನೀನು ಕಲಿಸುವ ಶಾಲೆಯ ಮಕ್ಕಳು ನಿನ್ನ ಹೆಜ್ಜೆ ಸಪ್ಪಳ ಕೇಳಿದರೇ ಗಪ್‌ಚುಪ್ ಆಗುತ್ತಾರಂತೆ. ಹೆತ್ತ ನನಗೇ ನಿನ್ನ ಹೆದರಿಕೆ, ಆ ಕೂಸುಗಳದೇನು ಪಾಡು!

ಜನರಲ್ ಮುಬಾರಿಜ್ ಜಂಜುವಾ ಸಾಹೇಬರು ಈ ತಿಂಗಳ ಕೊನೆಗೆ ಯೂನಿವರ್ಸಿಟಿ ಬಿಟ್ಟು ಹೋಗುತ್ತಿದ್ದಾರೆ. "ನಿನ್ನ ಜನರಲ್" ಎಂದು ಹಲ್ಲು ಕಡಿಯುತ್ತೀಯ, ಗೊತ್ತು. ಆಗಲಿ, ನನ್ನ ಜನರಲ್ಲೇ. ಅವರ ಕೋಣೆಯ ಬಾಗಿಲಲ್ಲಿ ಮೂರೂವರೆ ವರ್ಷ ಟೈಪ್‌ರೈಟರ್ ಬಡಿದವಳು ನಾನು. ಒಟ್ಟು ಏಳು ಕುಲಪತಿಗಳನ್ನು ಕಂಡಿದ್ದೇನೆ. ಅವರಲ್ಲಿ ವಿಜ್ಞಾನಿಗಳಿದ್ದರು, ಪಂಡಿತರಿದ್ದರು, ಒಬ್ಬರಂತೂ ಸಹಿ ಹಾಕುವುದಕ್ಕೆ ಮಾತ್ರ ನಿದ್ದೆಯಿಂದ ಏಳುತ್ತಿದ್ದರು. ಫೌಜಿನಿಂದ ನಿವೃತ್ತರಾಗಿ ಬಂದವರು ಇವರೊಬ್ಬರೇ.

ಅವರು ಬಂದ ದಿನ ನೀನು ಗೇಟಿನ ಹೊರಗೆ ಘೋಷಣೆ ಕೂಗುತ್ತಿದ್ದೆ. ಒಳಗೆ ನಡೆದದ್ದನ್ನು ನಿನಗೆ ಹೇಳಿಯೇ ಇಲ್ಲ. ಪ್ರೊಫೆಸರ್ ಬುಖಾರಿಯವರ ಹಿಂದೆ ಅರವತ್ತು ಜನ ಮೇಷ್ಟ್ರುಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು, ಫೌಜಿನವನು ನಮಗೆ ಬೇಡ ಎಂದು. ಇವರು ಬಂದರು, ತೋಳುಗಳನ್ನು ನೋಡಿದರು, ಮುಖ ಸಣ್ಣಗಾಯಿತು. "ಯಾರು ತೀರ್ಕೊಂಡ್ರು?" ಎಂದು ಮೆಲ್ಲಗೆ ಕೇಳಿದರು. ಮೇಷ್ಟ್ರುಗಳು ಬುಖಾರಿಯವರ ಮುಖ ನೋಡಿದರು. "ಬನ್ನಿ, ಫಾತೆಹಾ ಓದೋಣ," ಎಂದು ಎರಡೂ ಅಂಗೈ ಎತ್ತಿಬಿಟ್ಟರು. ಸತ್ತವರಿಗಾಗಿ ಒಬ್ಬ ಕೈ ಎತ್ತಿದ ಮೇಲೆ ಇನ್ನೊಬ್ಬ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಲ್ಲುವುದುಂಟೇ? ಅರವತ್ತು ಜನವೂ ಎತ್ತಿದರು. ಓದಿ ಮುಗಿಸಿ ಮುಖ ಸವರಿಕೊಳ್ಳುವಾಗ ಬುಖಾರಿ ಸಾಹೇಬರ ಪಟ್ಟಿ ಮೊಣಕೈಗೆ ಜಾರಿತ್ತು. ಆ ವಾರವೆಲ್ಲ ಆಫೀಸಿನಲ್ಲಿ ನಮಗೆ ಅದೇ ನಗು.

ಆಮೇಲೆ ನಗು ನಿಧಾನಕ್ಕೆ ನಿಂತಿತು. ಬೆಳಿಗ್ಗೆ ಎಂಟಕ್ಕೆ ಮೇಷ್ಟ್ರು ಬಾರದ ಕ್ಲಾಸಿಗೆ ಜನರಲ್ಲೇ ಹೋಗಿ ಹಾಜರಿ ಕೂಗುತ್ತಿದ್ದರು. ಹಾಸ್ಟೆಲಿನ ಊಟದ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ತಟ್ಟೆ ಹಿಡಿದು ನಿಲ್ಲುತ್ತಿದ್ದರು, ಪಲ್ಟನ್ನಿನಲ್ಲಿ ಅಧಿಕಾರಿ ಕೊನೆಗೇ ಉಣ್ಣಬೇಕಂತೆ. ಒಮ್ಮೆ ಬಟ್ಟಲಿಗೆ ಚಮಚ ಅದ್ದಿ ಅಡುಗೆಯವನಿಗೆ, "ಉಸ್ತಾದ್, ಈ ದಾಲಲ್ಲಿ ದಾಲ್ ಎಲ್ಲಯ್ಯಾ? ಹುಡ್ಕೋಕೆ ಒಂದು ಪಲ್ಟನ್ ಕಳಿಸ್ಲಾ?" ಎಂದರಂತೆ. ಮರುದಿನದಿಂದ ದಾಲ್ ಗಟ್ಟಿಯಾಯಿತು. ಇನ್ನು ದರ್ಬಾರು. ತಿಂಗಳ ಎರಡನೇ ಸೋಮವಾರ ಬೇವಿನ ಮರದ ಕೆಳಗೆ ಎಲ್ಲರೂ ಸೇರಬೇಕು. ಜಾಡಮಾಲಿಯಿಂದ ಪ್ರೊಫೆಸರ್‌ವರೆಗೆ ಯಾರು ಬೇಕಾದರೂ ಎದ್ದು ದೂರು ಹೇಳಬಹುದು, ಜನರಲ್ ಅಲ್ಲೇ ನಿಂತು ಉತ್ತರ ಕೊಡಬೇಕು. ಫೌಜಿನ ಪದ್ಧತಿಯಂತೆ. ಇಂಥದ್ದನ್ನು ನಾನು ಕಂಡಿರಲಿಲ್ಲ, ಅಫ್ಶೀನ್. ನಮ್ಮ ಮುದಿ ಮಾಲಿ ಅಲ್ಲಾಬಖ್ಶ್ ಎದ್ದು, "ಹುಜೂರ್, ನಿಮ್ ಜೀಪು ನನ್ ಗುಲಾಬಿ ಪಾತಿ ತುಳೀತು," ಎಂದರೆ, ಟೊಪ್ಪಿಗೆ ತೆಗೆದು ಕ್ಷಮೆ ಕೇಳಿದ ಮನುಷ್ಯ ಅವರು.

ಇಷ್ಟು ಹೊಗಳಿ ಯಾಕೆ ಸುತ್ತು ಹೊಡೆಯುತ್ತಿದ್ದೇನೆಂದು ನಿನಗೆ ಅನುಮಾನ ಬಂದಿರಬೇಕು. ಬರುತ್ತಿದ್ದೇನೆ, ತಡಿ.

ಫೌಜಿನವರು ಜಾಗ ಬಿಡುವ ಮೊದಲು ಪ್ರತಿಯೊಂದನ್ನೂ ಕಣ್ಣಾರೆ ನೋಡಿಯೇ ಮುಂದಿನವರಿಗೆ ಒಪ್ಪಿಸುತ್ತಾರೆ. ಹೋದ ವಾರ ಸಾಹೇಬರು ಹಳೆ ಫೈಲುಗಳನ್ನೆಲ್ಲ ತರಿಸಿಕೊಂಡು ಕೂತರು. ಗುರುವಾರ ನನ್ನನ್ನು ಕರೆದರು. ಮೇಜಿನ ಮೇಲೆ ಗೇಟಿನ ಫೈಲಿತ್ತು. ಅವರು ಬಂದ ಚಳಿಗಾಲದಲ್ಲಿ ನೀವು ಹನ್ನೊಂದು ಜನ ಒಂಬತ್ತು ದಿನ ಗೇಟಿಗೆ ಬೀಗ ಹಾಕಿದಿರಲ್ಲ, ಅದು.

"ನುದ್ರತ್ ಬೀಬಿ, ವಿಚಾರಣೆಗೆ ಬನ್ನಿ ಅಂತ ಹನ್ನೊಂದು ಕಾಗದ ಬರೆಸಿದ್ದೆ. ರವಾನೆ ಪುಸ್ತಕದಲ್ಲಿ ಹತ್ತಕ್ಕೇ ನಂಬರಿದೆ. ಹನ್ನೊಂದನೇದು ಎಲ್ಲಿ?"

ನಾನು ಪರ್ಸು ತೆಗೆದು ಆ ಕಾಗದವನ್ನು ಅವರ ಮುಂದಿಟ್ಟೆ.

ಹೌದು ಮಗಳೇ. ನಿನ್ನದು. "ಹೆಸರು ಹೊಡೆದುಹಾಕಿದ್ದಾರೆ, ವಿಚಾರಣೆ ಗಿಚಾರಣೆ ಇಲ್ಲ, ಪೊಲೀಸರು ಬರ್ತಾರೆ, ಹೊರಡು," ಎಂದು ನಿನ್ನನ್ನು ಮಧ್ಯಾಹ್ನದ ರೈಲಿಗೆ ಹತ್ತಿಸಿದೆನಲ್ಲ, ಆಗ ನಿನ್ನ ಹೆಸರು ಎಲ್ಲಿಯೂ ಹೋಗಿರಲಿಲ್ಲ. ಉಳಿದ ಹತ್ತು ಜನ ವಿಚಾರಣೆಗೆ ಹೋದರು, ಸಾಹೇಬರ ಮುಖಕ್ಕೇ ಬೈದರು, ಎಚ್ಚರಿಕೆ ಹೇಳಿಸಿಕೊಂಡು ಮರಳಿ ಕ್ಲಾಸಿಗೆ ಬಂದರು. ನೀನೊಬ್ಬಳು ಬರಲಿಲ್ಲವೆಂದು ನಿನ್ನ ಹೆಸರು ಹೋಯಿತು. ಎಂ.ಎಸ್ಸಿ.ಗೆ ಇನ್ನು ಎರಡೇ ಪೇಪರು ಉಳಿದಿದ್ದವು. ಅವರೆಲ್ಲ ಹೇಗೆ ಪಾಸಾದರೆಂದು ಕೇಳಿದ್ದೆಯಲ್ಲ, ಕಾಲಿಗೆ ಬಿದ್ದಿರಬೇಕು ಎಂದು ಬರೆದೆ. ನೀನು ಅವರ ಸ್ನೇಹವನ್ನೇ ಕಡಿದುಕೊಂಡೆ. ಅದೂ ನನ್ನ ಸುಳ್ಳೇ.

ಯಾಕೆಂದು ಸಾಹೇಬರೂ ಕೇಳಿದರು. ನಿನ್ನ ಖುರ್ರಮ್ ಮಾಮೂನ ಕಥೆ ಹೇಳಿದೆ. ನನ್ನ ತಮ್ಮನಿಗೆ ಆಗ ನಿನ್ನದೇ ವಯಸ್ಸು, ನಿನ್ನಂತೆಯೇ ಕಂಠ. ಕಾಲೇಜಿನಲ್ಲಿ ಒಂದು ಘೋಷಣೆ ಕೂಗಿದ್ದಕ್ಕೆ "ಸ್ವಲ್ಪ ವಿಚಾರಿಸಬೇಕು" ಎಂದು ಕರೆದುಕೊಂಡು ಹೋದರು. ಎಂಟು ತಿಂಗಳ ಮೇಲೆ ಬಂದವನು ಸಾಯುವತನಕ ಜೋರಾಗಿ ಒಂದು ಮಾತಾಡಲಿಲ್ಲ. ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ನಾನು, ಮಜ್ಜಿಗೆಯನ್ನೂ ಊದಿ ಕುಡಿದೆ. ಆದರೆ ಊದಿದ್ದು ನಿನ್ನ ಬಾಳಿನ ಮೇಲೆ.

"ಆ ಹುಡುಗಿ ನಿಮಗೇನಾಗಬೇಕು?"

"ಮಗಳು, ಸರ್."

"ನಿಮ್ಮ ತಮ್ಮನ್ನ ಕರ್ಕೊಂಡು ಹೋದವರು ಯಾವ ಬಟ್ಟೆ ಹಾಕಿದ್ರು?"

ಗೋಡೆಯ ಮೇಲಿದ್ದ ಅವರ ಪಲ್ಟನ್ನಿನ ಫೋಟೋ ಕಡೆ ನನ್ನ ಕಣ್ಣು ಹೋಯಿತು. ಅವರೂ ಅದನ್ನೇ ಬಹಳ ಹೊತ್ತು ನೋಡಿದರು. "ಸೋಮವಾರ ದರ್ಬಾರಿಗೆ ಬನ್ನಿ," ಎಂದರು.

ಎಲ್ಲರೆದುರು ಮರ್ಯಾದೆ ಹರಾಜಾಗುತ್ತದೆಂದು ಖಾತ್ರಿಯಾಗಿ, ರಾಜೀನಾಮೆ ಬರೆದು ಪರ್ಸಿನಲ್ಲಿಟ್ಟುಕೊಂಡೇ ಹೋದೆ. ಕೊನೆಯ ದರ್ಬಾರೆಂದು ಜನ ಹಾರ ತಂದಿದ್ದರು. ಸಾಹೇಬರು ಹಾರ ಮುಟ್ಟಲಿಲ್ಲ.

"ಮೂರು ವರ್ಷದ ಹಿಂದೆ ನನ್ನ ಆಫೀಸು ಒಬ್ಬ ಹುಡುಗೀನ ವಿಚಾರಿಸ್ದೆ ಹೊರಗೆ ಹಾಕ್ತು," ಎಂದರು. "ಅವಳಿಗೆ ಕಾಗದಾನೇ ಹೋಗಿರ್ಲಿಲ್ಲ. ಬಂದಿಲ್ಲ ಅಂತ ಸಹಿ ಹಾಕ್ದೆ, ಯಾಕೆ ಬಂದಿಲ್ಲ ಅಂತ ಕೇಳ್ಲಿಲ್ಲ. ತಪ್ಪಾಯ್ತು."

ಬುಖಾರಿ ಸಾಹೇಬರು ಬಿಡುತ್ತಾರೆಯೇ? ಎದ್ದೇ ಬಿಟ್ಟರು. "ಕಾಗದ ಕಳಿಸೋದು ಗುಮಾಸ್ತರ ಕೆಲ್ಸ, ಸರ್. ಯಾರ ತಪ್ಪು ಅಂತ ಹೆಸರು ಹೇಳಿ."

ಏಳಬೇಕೆಂದುಕೊಂಡೆ, ಏಳಲಿಲ್ಲ. ಇದನ್ನೂ ನಿನಗೆ ಮುಚ್ಚಿಡುವುದಿಲ್ಲ.

"ಹೇಳ್ತೀನಿ, ಬರ್ಕೊಳ್ಳಿ," ಎಂದರು ಜನರಲ್. "ಮುಬಾರಿಜ್ ಜಂಜುವಾ."

ಯುದ್ಧ ಮಾಡಿದ ಆ ಮನುಷ್ಯ ಒಬ್ಬ ಟೈಪಿಸ್ಟಳ ತಪ್ಪನ್ನು ತನ್ನ ಹೆಸರಿಗೆ ಬರೆಸಿಕೊಂಡು, ಬರಿದಲೆಯಲ್ಲಿ, ಬಿಸಿಲಲ್ಲಿ ನೆಟ್ಟಗೆ ನಿಂತಿದ್ದರು. ಮೂರು ವರ್ಷ ಅವರ ಮೇಲೆ ಕತ್ತಿ ಮಸೆದ ಬುಖಾರಿ ಸಾಹೇಬರು ಮೆಲ್ಲಗೆ ಕೂತರು. ಅಫ್ಶೀನ್, ಮಸೀದಿಯಲ್ಲೂ ನನಗೆ ಅಷ್ಟು ಮೈ ಜುಮ್ಮೆಂದದ್ದಿಲ್ಲ.

ಆಮೇಲೆ ಕೋಣೆಗೆ ಹೋಗಿ ರಾಜೀನಾಮೆ ಕೊಟ್ಟೆ. ಹರಿದು ಹಾಕಿದರು. ಧೈರ್ಯ ಮಾಡಿ, ಮೊದಲ ದಿನ ಕಪ್ಪು ಪಟ್ಟಿ ಏಕೆಂದು ನಿಜವಾಗಿ ಗೊತ್ತಿರಲಿಲ್ಲವೇ ಎಂದು ಕೇಳಿದೆ. "ನಮ್ಮಲ್ಲಿ ಅದನ್ನ ಒಂದೇ ಕಾರಣಕ್ಕೆ ಕಟ್ಟೋದು, ಬೀಬಿ. ಸಂಜೆ ಡ್ರೈವರ್ ಹೇಳ್ದಾಗ ನಾಚ್ಕೆ ಆಯ್ತು. ಆದ್ರೆ ಓದಿದ ಫಾತೆಹಾ ವಾಪಸ್ ತಗೊಳ್ಳೋಕಾಗುತ್ತಾ?" ಎಂದು ನಕ್ಕರು. ಅವರು ಪಟ್ಟಿ ನೋಡಿ ತಪ್ಪು ತಿಳಿದರು, ನಾನು ಫೌಜಿನ ಬಟ್ಟೆ ನೋಡಿ. ಅವರ ತಪ್ಪಿನಿಂದ ನಾವು ನಕ್ಕೆವು, ನನ್ನದರಿಂದ ನೀನು ಅತ್ತೆ.

ನನಗೆ ಶಿಕ್ಷೆ ಏನೆಂದು ಕೇಳಿದ್ದಕ್ಕೆ, "ಆ ಕಾಗದ ಕಳಿಸಿ. ಯಾಕೆ ತಡ ಆಯ್ತು ಅಂತ ಜೊತೇಲಿ ನೀವೇ ಬರೀರಿ. ಅದನ್ನ ಮಾತ್ರ ನಿಮ್ ಬದ್ಲು ನಾನು ಹೊತ್ಕೊಳ್ಳೋಕಾಗಲ್ಲ," ಎಂದರು.

ಅದೇ ಈ ಕಾಗದ. ನಾಲ್ಕು ದಿನ ಹಿಡಿಯಿತು. ನಿನ್ನ ಹೆಸರು ಮರಳಿ ಪಟ್ಟಿಗೆ ಸೇರಿದೆ, ಮೇ ತಿಂಗಳಲ್ಲಿ ಆ ಎರಡು ಪೇಪರು ಬರೆಯಬಹುದು. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಪರೀಕ್ಷೆಗೆ ಬಾ ಎಂದು ಮಾತ್ರ ಕೇಳುತ್ತೇನೆ. ನನ್ನ ಮನೆಯಲ್ಲಿ ಇರಲು ಇಷ್ಟವಿಲ್ಲದಿದ್ದರೆ ಹಾಸ್ಟೆಲಿನಲ್ಲಿರು, ದಾಲ್ ಈಗ ಚೆನ್ನಾಗಿದೆ.

ನಿನ್ನ ಮುಂದೆ ತಪ್ಪಿತಸ್ಥಳಾಗಿ ನಿಂತಿರುವ,
ಅಮ್ಮಿ
(ನುದ್ರತ್)

ಮರೆತಿದ್ದೆ: ಹಳೆಯ ಕಾಗದವನ್ನು ಇದರೊಳಗೇ ಇಟ್ಟಿದ್ದೇನೆ. ವಿಚಾರಣೆಯ ತಾರೀಖನ್ನು ಸಾಹೇಬರು ಹೊಡೆದು, "ಅವಳಿಗೆ ಅನುಕೂಲವಾದ ದಿನ" ಎಂದು ಸ್ವಂತ ಕೈಯಲ್ಲಿ ಬರೆದಿದ್ದಾರೆ. ಮಡಿಕೆ ಸವೆದಿದೆ, ಮೂರು ವರ್ಷ ನಾನು ಅದನ್ನು ತೆಗೆದು ತೆಗೆದು ಓದಿದ್ದೇನೆ. ಕೊನೆಯ ಸಾಲು ನೋಡು: "ವಿದ್ಯಾರ್ಥಿಯು ಇಚ್ಛಿಸಿದಲ್ಲಿ ತಾಯಿ ಅಥವಾ ತಂದೆ ಜೊತೆಗೆ ಬಂದು ಪಕ್ಕದಲ್ಲಿ ನಿಲ್ಲಬಹುದು." ಹನ್ನೊಂದು ಸಲ ನಾನೇ ಟೈಪ್ ಮಾಡಿದ ಸಾಲು ಅದು.