ಬುತ್ತಿ ಇಲ್ಲದ ಕುಬಸ

ಕಲ್ಲುಬಾವಿಹಳ್ಳಿ
ಚನ್ನಗಿರಿ ತಾಲ್ಲೂಕು
೧೮ ನವೆಂಬರ್ ೧೯೮೪

ಚಿ. ಸೌ. ರುದ್ರಾಣಿಗೆ ನಿನ್ನ ಅವ್ವನ ತುಂಬು ಆಶೀರ್ವಾದ. ತೊಟ್ಟಿಲಿಗೆ ಕಾದಿರುವ ಕೂಸಿಗೆ ಒಂದು ಮುತ್ತು ಹೆಚ್ಚಿಗೆ.

ಇತ್ತ ಎಲ್ಲರೂ ಕ್ಷೇಮ. ಪತ್ರದ ಮೊದಲಿಗೆ ಹೀಗೆ ಬರೆಯುವುದು ವಾಡಿಕೆ, ಆದರೆ ಈ ಸಲ ಅದು ನಿಜವೂ ಹೌದು. ಶ್ರಾವಣದಿಂದ ಈಚೆಗೆ ನಾನು ನಿನಗೆ ಬರೆದ ಪತ್ರಗಳಲ್ಲೆಲ್ಲ ಅದು ಸುಳ್ಳಾಗಿತ್ತು.

ನಿನ್ನ ಪತ್ರ ಬಂತು. ಎಷ್ಟು ಒತ್ತಿ ಬರೆದಿದ್ದೀಯೆಂದರೆ ಇನ್‌ಲ್ಯಾಂಡಿನ ಹಿಂದಿನ ಮಗ್ಗುಲಲ್ಲೂ ಅಕ್ಷರ ಮೂಡಿದ್ದವು. ಸಿಟ್ಟು ಬಂದರೆ ನಾನೂ ಹಾಗೇ ಬರೆಯುತ್ತೇನೆ, ಆದ್ದರಿಂದ ಮೊದಲು ನಗು ಬಂತು. ಓದುತ್ತಾ ಹೋದಂತೆ ನಗು ನಿಂತಿತು. ಏಳು ತಿಂಗಳ ಬಸುರಿಗೆ ಕುಬಸ ಮಾಡಲು ಹೆತ್ತವ್ವ ಬರಲಿಲ್ಲ, ಜಗಳೂರಿನ ಸೋದರಮಾವನ ಕೈಲಿ ಒಂದು ಹಸಿರು ಸೀರೆ ಕಳಿಸಿ ಕೈ ತೊಳೆದುಕೊಂಡಳು, ಜೊತೆಗೆ ಒಂದು ಹಿಡಿ ಬುತ್ತಿಯೂ ಇರಲಿಲ್ಲ ಎಂದು ಬರೆದಿದ್ದೀಯ. ಚೊಚ್ಚಲ ಬಾಣಂತನವನ್ನು ಅತ್ತೆಯ ಮನೆಯಲ್ಲಿ ಮಾಡಿಸಿಕೊಂಡವಳು ಸಾಸ್ವೆಹಳ್ಳಿಗೆಲ್ಲ ನೀನೊಬ್ಬಳೇ ಎಂದಿದ್ದೀಯ. ನಿಮ್ಮತ್ತೆ ನನ್ನನ್ನು ಜಿಪುಣಿ, ಕಲ್ಲೆದೆಯವಳು, ಮಜ್ಜಿಗೆಗೆ ನೀರು ಬೆರೆಸುವ ಮನೆತನದವಳು ಎಂದು ಬೈಯುವಾಗ ತಲೆ ತಗ್ಗಿಸಿ ಕೂತೆ ಎಂದಿದ್ದೀಯ. ಕೊನೆಗೆ, ನನಗೆ ತವರಿಲ್ಲ ಎಂದುಕೊಂಡಿದ್ದೇನೆ, ತೊಟ್ಟಿಲ ಕಾರ್ಯಕ್ಕೆ ನೀವು ಯಾರೂ ಬರಬೇಡಿ ಎಂದು ಮುಗಿಸಿದ್ದೀಯ.

ಬಾಣಂತಿಗೆ ಕೆಟ್ಟ ಸುದ್ದಿ ಹೇಳಬಾರದೆಂದು ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದೆ. ಇನ್ನೂ ಕಚ್ಚಿಕೊಂಡಿದ್ದರೆ ನೀನು ನಮ್ಮನ್ನು ತೊರೆದೇಬಿಡುತ್ತೀಯ. ಕೂಸಿಗೆ ಹಾಲು ಕುಡಿಸಿ ಮಲಗಿಸು. ಗೋಡೆಗೆ ಒರಗಿ ಕೂತುಕೋ. ಆಮೇಲೆ ಮುಂದಿನದನ್ನು ಓದು.

ನಮ್ಮ ಬೀದಿಗೆ ನಲ್ಲಿ ಬಂದಾಗ ನಿನ್ನ ಮದುವೆಯ ಮಾತುಕತೆ ನಡೆದಿತ್ತು, ನೆನಪಿದೆಯಲ್ಲ. ನಿಮ್ಮಪ್ಪ ಪಂಚಾಯ್ತಿ ಮೆಂಬರು, ಓಡಾಡಿ ತಂದ ನಲ್ಲಿ, ಅದರ ಮೇಲೆ ಅವರಿಗೆ ನಿನ್ನ ಮೇಲಿದ್ದಷ್ಟೇ ಮುದ್ದು. ಆದರೆ ನೀರು ಬೆಳಗ್ಗೆ ಒಂದೇ ತಾಸು ಬರುತ್ತಿತ್ತು, ಅದೂ ದಾರದ ಎಳೆಯಂತೆ. ನೀನು ಹೋದ ಮೇಲೆ ನಿಮ್ಮಪ್ಪ ಒಂದು ಉಪಾಯ ಹೂಡಿದರು. ಮನೆಮುಂದೆ ಚರಂಡಿಯ ಪಕ್ಕ ಸೊಂಟದುದ್ದ ಗುಂಡಿ ತೋಡಿ, ಪೈಪನ್ನು ಅದರ ತಳದಲ್ಲಿ ಕತ್ತರಿಸಿ, ಅಲ್ಲೇ ಕೊಡ ಇಟ್ಟರು. ನೀರು ಧೋ ಎಂದು ಬಿತ್ತು. ಬೀದಿಯವರೆಲ್ಲ ಬಂದು ನೋಡಿ ತಂತಮ್ಮ ಬಾಗಿಲ ಮುಂದೆಯೂ ತೋಡಿಕೊಂಡರು. ಮಹೇಶ್ವರಪ್ಪನ ಗುಂಡಿ ಎಂದೇ ಅದಕ್ಕೆ ಹೆಸರಾಯಿತು. ಊರಿಗೆ ಹೆಸರು ಕೊಟ್ಟ ಕಲ್ಲುಬಾವಿಯ ಕಡೆ ಯಾರೂ ತಿರುಗಿ ನೋಡಲಿಲ್ಲ, ಸೇದುವ ಹಗ್ಗಗಳ ಮೇಲೆ ಬಟ್ಟೆ ಒಣಗಿದವು.

ಆಷಾಢದ ಮಳೆ ಹಿಡಿದ ಮೇಲೆ ಒಬ್ಬೊಬ್ಬರಾಗಿ ಮಲಗಿದರು. ಊಟ ಸೇರದು, ವಾಂತಿ, ಕಣ್ಣು ಅರಿಶಿನದ ಹಾಗೆ. ಕಾಮಾಲೆ ನಮಗೆ ಹೊಸದೇನಲ್ಲ, ಪಿತ್ತ ಹೆಚ್ಚಾಗಿದೆ ಎಂದುಕೊಂಡೆವು. ಅಡುಗೆಗೆ ಎಣ್ಣೆ, ಅರಿಶಿನ ಹಾಕುವುದನ್ನೇ ಬಿಟ್ಟೆವು, ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕುಡಿಸಿದೆವು. ಆ ಸೊಪ್ಪನ್ನು ಅರೆದ ನೀರು ಯಾವುದು ಎಂದು ಯಾರೂ ಕೇಳಲಿಲ್ಲ.

ಶ್ರಾವಣ ಹುಟ್ಟುವ ಹೊತ್ತಿಗೆ ನಿಮ್ಮಪ್ಪನ ಕಣ್ಣೂ ಹಳದಿಯಾದವು. ನ್ಯಾಮತಿ ಕಡೆ ಒಬ್ಬರು ಒಳ್ಳೆಯ ಸೊಪ್ಪು ಕೊಡುತ್ತಾರೆಂದು ಯಾರೋ ಹೇಳಿದರು, ಅಲ್ಲಿಗೂ ಹೋಗಿಬಂದರು. ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಸಾಸ್ವೆಹಳ್ಳಿಯವರು ಯಾರಾದರೂ ಗುರುತು ಹಿಡಿದು ಬಸುರಿಯಾದ ನಿನಗೆ ಸುದ್ದಿ ಮುಟ್ಟಿಸಿಯಾರೆಂದು ತಲೆತುಂಬ ಟವೆಲು ಹೊದ್ದು ಮೂಲೆಯಲ್ಲಿ ಕೂತಿದ್ದರಂತೆ. ಮನೆಗೆ ಬಂದು, ಮಗಳ ಊರಿನ ಬಸ್ಸು ಕಣ್ಣೆದುರೇ ಹೊರಟಿತು ಅಜ್ಜಮ್ಮ, ಹತ್ತಲಿಲ್ಲ ಎಂದು ನನ್ನೆದುರು ಕಣ್ಣೊರೆಸಿಕೊಂಡರು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಜಂಪಣ್ಣನ ಮಗಳು, ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಬಂಗಾರಮ್ಮ, ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಬಂದ ದಿನ ನಮ್ಮ ಮನೆಗೂ ಬಂದು, ರುದ್ರಾಣಿ ಯಾವಾಗ ಬರುತ್ತಾಳೆ, ಇಬ್ಬರೂ ಕೂತು ಹುಣಸೆಕಾಯಿ ತಿನ್ನಬೇಕು ಎಂದಳು. ತಿಂಗಳು ತುಂಬುವುದರೊಳಗೆ ಅವಳ ಕಣ್ಣು ಹಳದಿಯಾದವು. ಆಮೇಲೆ ತಾಯಿಯ ಗುರುತೂ ಹತ್ತದೆ ಏನೇನೋ ಮಾತಾಡತೊಡಗಿದಳು. ಜೀಪಿನಲ್ಲಿ ದಾವಣಗೆರೆಗೆ ಒಯ್ದರು. ಬಂಗಾರಿ ತಿರುಗಿ ಬರಲಿಲ್ಲ ಮಗಳೇ, ಹೊಟ್ಟೆಯಲ್ಲಿದ್ದ ಕೂಸೂ ಉಳಿಯಲಿಲ್ಲ. ನೀನು ಪ್ರತಿ ಪತ್ರದಲ್ಲೂ ಅವಳನ್ನು ವಿಚಾರಿಸುತ್ತಿದ್ದೆ, ನಾನು ಉತ್ತರ ಬರೆಯದೆ ಜಾರಿಕೊಳ್ಳುತ್ತಿದ್ದೆ.

ಆ ಸಾವಿನ ಹಿಂದೆಯೇ ಒಬ್ಬ ಡಾಕ್ಟರಮ್ಮ ಊರಿಗೆ ಬಂದರು. ಮನೆಮನೆ ತಿರುಗಿ ರಕ್ತ ತೆಗೆದುಕೊಂಡರು, ಗುಂಡಿಗಳಿಗೆಲ್ಲ ಇಣುಕಿದರು, ನಮ್ಮ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಹೇಳಿದರು. ಇದು ಪಿತ್ತದಿಂದ ಬಂದದ್ದಲ್ಲ, ಕಣ್ಣಿಗೆ ಕಾಣದ ವೈರಸ್ಸು, ಲಿವರಿಗೆ ಹತ್ತುತ್ತದೆ. ಅದರಲ್ಲಿ ಹಲವು ಜಾತಿ. ಒಂದು ಸೂಜಿಯಿಂದ, ರಕ್ತದಿಂದ ಹರಡುತ್ತದೆ, ನಮ್ಮದು ಹೊಲಸು ಸೇರಿದ ನೀರಿನಿಂದ ಬಂದದ್ದು. ಈ ಜಾತಿಗೆ ಇನ್ನೂ ಹೆಸರೇ ಇಟ್ಟಿಲ್ಲವಂತೆ. ನಲ್ಲಿ ನಿಂತ ಮೇಲೆ ಗುಂಡಿಯಲ್ಲಿ ಬಸಿದ ಚರಂಡಿ ನೀರನ್ನು ಪೈಪು ಒಳಗೆಳೆದುಕೊಳ್ಳುತ್ತದೆ, ಮರುದಿನ ಅದೇ ಕೊಡಕ್ಕೆ ಬೀಳುತ್ತದೆ ಎಂದರು. ಆಮೇಲೆ ದನಿ ತಗ್ಗಿಸಿ, "ಗಂಡಸ್ರು ಹುಡುಗ್ರು ಬಹಳಷ್ಟು ಮಂದಿ ಎದ್ದು ಓಡಾಡ್ತಾರೆ. ತುಂಬಿದ ಬಸುರೀನ ಉಳ್ಸಾದು ಮಾತ್ರ ಕಷ್ಟ ಐತೆ. ಯಾಕೆ ಅಂತ ನಮಗೂ ಗೊತ್ತಿಲ್ರವ್ವಾ. ಹೆಣ್ಮಕ್ಕಳನ್ನ ಈಗ ತವರಿಗೆ ಕರೀಬ್ಯಾಡ್ರಿ" ಎಂದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು. ಅದಕ್ಕೇ ಅವರ ಉಳಿದ ಮಾತನ್ನೂ ನಂಬಿದೆ.

ನಿಮ್ಮಪ್ಪ ನಂಬಲಿಲ್ಲ. ಅವರಿಗೆ ಗುಂಡಿಯ ಮೇಲೆ ಬಂದ ಮಾತು ತಮ್ಮ ಮೇಲೇ ಬಂದಂತಾಯಿತು. "ನನ್ನ ಗುಂಡಿ ದಿನಾ ಬಳೀತೀನಿ, ಅದ್ರಾಗೇನೈತೆ ಕೊಳಕು. ಮಗಳ್ನ ಕರ್ಕೊಂಡು ಬರಾಕೆ ಆಗ್ದಿದ್ರೆ ಬೀಗರಿಗೆ ಮುಖ ಹೆಂಗೆ ತೋರ್ಸಾದು" ಎಂದು ಹಾಸಿಗೆಯಲ್ಲೇ ಎದ್ದು ಕೂತರು. ಆಗ ನಾನು ಒಂದೇ ಮಾತು ಹೇಳಿದೆ. ಜಂಪಣ್ಣ ಮುಖ ಉಳಿಸಿಕೊಂಡ, ಮಗಳನ್ನು ಕಳೆದುಕೊಂಡ. ನನಗೆ ಮುಖ ಬೇಡ, ಮಗಳು ಸಾಕು ಎಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು.

ನೀನು ಅಪ್ಪನ ಮಗಳು. ಅವರ ಕಾಲಿಗೆ ಜಾಲಿ ಮುಳ್ಳು ಮುರಿದಾಗ ಸಾಸ್ವೆಹಳ್ಳಿಯಿಂದ ಓಡಿಬಂದವಳು. ಅಪ್ಪ ಹಳದಿ ಹತ್ತಿ ಮಲಗಿದ್ದಾರೆ, ಬರಬೇಡ ಎಂದು ಬರೆದಿದ್ದರೆ ಸುಮ್ಮನೆ ಕೂರುತ್ತಿದ್ದೆಯಾ? ಹೊಟ್ಟೆ ಹೊತ್ತುಕೊಂಡು ಮರುದಿನದ ಬಸ್ಸಿಗೇ ಇಳಿಯುತ್ತಿದ್ದೆ. ನಮ್ಮ ಅಡುಗೆಮನೆಗೇ ನುಗ್ಗಿ ಕೊಡದ ನೀರು ಕುಡಿಯುತ್ತಿದ್ದೆ. ನಿನ್ನನ್ನು ತಡೆಯುವುದು ಒಂದೇ ಒಂದು, ಅದು ನಿನ್ನ ಸೊಕ್ಕು. ಅವಮಾನವಾದ ಬಾಗಿಲನ್ನು ನೀನು ತುಳಿಯುವುದಿಲ್ಲ. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತು, ನನ್ನದೇ ಅದು. ಆದ್ದರಿಂದ ಮನೆದೇವರ ಹರಕೆಯಿದೆ, ಈ ವರುಷ ನಮ್ಮ ಮನೆಯಲ್ಲಿ ಬಾಣಂತನ ಆಗಬಾರದು ಎಂದು ಸುಳ್ಳು ಕಟ್ಟಿದೆ. ಕುಬಸಕ್ಕೆ ನಾನೇ ಬಂದಿದ್ದರೆ ನನ್ನ ಮುಖ ನೋಡಿಯೇ ನೀನು ನಿಜ ಹಿಡಿಯುತ್ತಿದ್ದೆ, ಅದಕ್ಕೇ ಬರಲಿಲ್ಲ. ಜಗಳೂರಿನ ನಿನ್ನ ಮಾವ ನಾಗರಾಜಪ್ಪನಿಗೆ ಹೇಳಿಕಳಿಸಿ, ಸೀರೆಯನ್ನು ಅಲ್ಲೇ ಕೊಂಡು, ನಮ್ಮೂರಿಗೆ ಕಾಲಿಡದೆ ನೇರ ನಿಮ್ಮೂರಿಗೆ ಹೋಗು ಎಂದೆ. ಪಾಪ, ಅವನಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಹರಕೆಯ ಮಾತು ಆಡುವಾಗ ಮೂರು ಸಲ ಕೆಮ್ಮಿದ ಎಂದು ನೀನೇ ಬರೆದಿದ್ದೆ.

ಬುತ್ತಿ ಕಟ್ಟಲಿಲ್ಲ ಎಂದಿದ್ದೀಯ. ಕಟ್ಟಿದ್ದೆ. ಕರ್ಜಿಕಾಯಿ, ಚಕ್ಕುಲಿ, ಹೋಳಿಗೆ ಎಲ್ಲ ಮಾಡಿ ಡಬ್ಬಿಗೆ ತುಂಬಿಸಿಟ್ಟು, ಹಿಟ್ಟು ಕಲೆಸಿದ ನೀರನ್ನು ನೆನೆದು ಕೈ ಹಿಂದೆಗೆದೆ. ಬೆಂದದ್ದಕ್ಕೆ, ಕರಿದದ್ದಕ್ಕೆ ಹೆದರಬೇಕಾಗಿರಲಿಲ್ಲ ಎಂದು ಡಾಕ್ಟರಮ್ಮ ಆಮೇಲೆ ಹೇಳಿ ನಕ್ಕರು. ನನಗೆ ಆಗ ಧೈರ್ಯ ಬರಲಿಲ್ಲ. ನಿನ್ನ ಕುಬಸದ ಹೊತ್ತಿಗೆ ಆ ಡಬ್ಬಿಯ ಎದುರು ಕೂತು ಒಬ್ಬಳೇ ಸೋಬಾನೆ ಹಾಡಿಕೊಂಡೆ. ಹಾಡುತ್ತಾ ಅತ್ತೂಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಊರಿನ ಹೆಂಗಸರು ನನ್ನನ್ನು ಆಡಿಕೊಂಡರು. ಮಗಳಿಗೆ ಎರಡು ಹೊತ್ತು ಅನ್ನ ಹಾಕಲಾರದೆ ದೇವರ ಹೆಸರು ಹೇಳಿದಳು ಎಂದರು. ಅದೇ ಬೀದಿಯಲ್ಲಿ ನಾನು ತಲೆಯೆತ್ತಿಕೊಂಡು ಕಲ್ಲುಬಾವಿಗೆ ಹೋಗಿ ನೀರು ಸೇದಿ ತಂದು, ಕಾಯಿಸಿ ಆರಿಸಿ ನಿಮ್ಮಪ್ಪನಿಗೆ ಕೊಟ್ಟೆ. ಇದು ಕ್ಷಮೆ ಕೇಳುವ ಪತ್ರವಲ್ಲ ರುದ್ರಾಣಿ. ನಾನು ಮಾಡಿದ್ದರ ಬಗ್ಗೆ ನನಗೆ ಹೆಮ್ಮೆಯಿದೆ, ಅದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಿಕೊಳ್ಳಲಿ.

ಇನ್ನೊಬ್ಬರ ಬಗ್ಗೆಯೂ ಹೆಮ್ಮೆಯಿದೆ, ಅದನ್ನೂ ಕೇಳು. ಭಾದ್ರಪದದಲ್ಲಿ ಒಂದು ಬೆಳಗ್ಗೆ ನಲ್ಲಿ ಬಿಡುವ ಹೊತ್ತಿಗೆ ನಿಮ್ಮಪ್ಪ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಮೈಯಲ್ಲಿ ತ್ರಾಣವಿರಲಿಲ್ಲ, ಕಣ್ಣು ಇನ್ನೂ ಹಳದಿ. ಕೊಡ ಹಿಡಿದು ನಿಂತ ಬೀದಿಯವರ ಎದುರಿಗೆ ಬುಟ್ಟಿ ಮಣ್ಣು ತಂದು ತಮ್ಮ ಗುಂಡಿಗೆ ಸುರಿದರು. "ಇದನ್ನ ಮೊದ್ಲು ತೋಡ್ದೋನು ನಾನು. ಮೊದ್ಲು ಮುಚ್ಚೋನೂ ನಾನೇ. ನಿಮ್ಮವನ್ನೂ ಮುಚ್ರಿ, ಕೈ ಮುಗೀತೀನಿ" ಎಂದರು. ಆಮೇಲೆ ಜಂಪಣ್ಣ ತನ್ನ ಮನೆಯಿಂದ ಸಲಿಕೆ ತಂದ. ಮಗಳನ್ನು ಕಳೆದುಕೊಂಡವನು ನಿಮ್ಮಪ್ಪನಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ, ಅವರ ಕೈಯಿಂದ ಬುಟ್ಟಿ ತೆಗೆದುಕೊಂಡು, ಕೂತ್ಕೋ ಮಹೇಶಣ್ಣ ಎಂದು ತಾನೇ ಮುಚ್ಚಿದ. ಸಂಜೆಯೊಳಗೆ ಬೀದಿಯಲ್ಲಿ ಒಂದು ಗುಂಡಿಯೂ ಉಳಿಯಲಿಲ್ಲ. ನಿಮ್ಮಪ್ಪ ಮೆಂಬರಾಗಿ ಗೆದ್ದು ಹಾರ ಹಾಕಿಕೊಂಡು ಬಂದ ದಿನ ನನಗೆ ಇಷ್ಟು ಹೆಮ್ಮೆ ಆಗಿರಲಿಲ್ಲ.

ಈಗ ಪೈಪನ್ನು ಚರಂಡಿಯಿಂದ ಎತ್ತಿ ಬೇರೆ ಕಡೆಯಿಂದ ಎಳೆದಿದ್ದಾರೆ. ಬಾವಿಯ ಹೂಳು ತೆಗೆದಿದ್ದಾರೆ. ದಸರೆಯಿಂದೀಚೆಗೆ ಊರಿನಲ್ಲಿ ಯಾರಿಗೂ ಹೊಸದಾಗಿ ಹಳದಿ ಹತ್ತಿಲ್ಲ. ನಿಮ್ಮಪ್ಪನ ಕಣ್ಣು ತಿಳಿಯಾಗಿವೆ, ಹಸಿವು ಮರಳಿದೆ, ಸಾರಿಗೆ ಉಪ್ಪು ಕಡಿಮೆ ಎಂದು ದಿನಾ ಜಗಳ ತೆಗೆಯುತ್ತಾರೆ. ಕೇಳಲು ಹಿತವಾಗಿದೆ.

ನೀನು ಬೇಡವೆಂದರೂ ನಾವು ತೊಟ್ಟಿಲಿಗೆ ಬರುತ್ತೇವೆ. ಬುತ್ತಿ ತರುತ್ತೇನೆ, ಕುಬಸದ್ದೂ ಸೇರಿಸಿ ಎರಡರಷ್ಟು. ಬಂಗಾರಿಗಾಗಿ ಅಳಬೇಕೆನಿಸಿದರೆ ನಾನು ಬರುವವರೆಗೆ ತಡೆದುಕೋ, ಇಬ್ಬರೂ ಕೂಡಿ ಅಳೋಣ. ಬಾಗಿಲು ಹಾಕಿಕೊಂಡರೆ ಜಗಲಿಯ ಮೇಲೆ ಕೂರುತ್ತೇನೆ. ನನ್ನ ಸೊಕ್ಕೂ ನಿನಗೆ ಗೊತ್ತಿದೆ.

ನಿನ್ನನ್ನು ಹೆತ್ತು, ಈ ವರುಷ ಮತ್ತೊಮ್ಮೆ ಉಳಿಸಿಕೊಂಡ
ನಿನ್ನ ಅವ್ವ,
ಅಜ್ಜಮ್ಮ

ತಾ.ಕ.: ನಿಮ್ಮತ್ತೆ ಕೊಟ್ರಮ್ಮನವರ ಮೇಲೆ ಮುನಿಸು ಇಟ್ಟುಕೊಳ್ಳಬೇಡ. ಬಂಗಾರಿ ಹೋದ ಮೇಲೆ ನಾನು ಹೊನ್ನಾಳಿ ಸಂತೆಗೆ ಹೋಗಿ ಆಕೆಯನ್ನು ಕಂಡು ಎಲ್ಲವನ್ನೂ ಹೇಳಿದ್ದೆ. ಆಕೆ ಕಣ್ಣೊರೆಸಿಕೊಂಡು, "ನಿಮ್ಮ ಮಗಳು ನಮ್ಮನ್ಯಾಗೆ ಹಡೀಲಿ ಬೀಗ್ತಿ, ನಾನದೀನಿ. ಆದ್ರೆ ಅಪ್ಪನ್ನ ನೋಡಾಕೆ ಹೊಂಟ್ರೆ ಆಕೇನ ಹಿಡಿಯಾಕೆ ನನ್ನ ಕೈಲಿ ಆಗಾಕಿಲ್ಲ" ಎಂದರು. ಹಾಗಾದರೆ ಅವಳೆದುರು ನನ್ನನ್ನು ಬೈಯಿರಿ, ರೋಷ ಹುಟ್ಟಲಿ ಎಂದೆ. "ನಂಗೆ ಬೈಯಾಕೆ ಬರಾಕಿಲ್ರೀ" ಎಂದು ಒದ್ದಾಡಿದರು. ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕೂರಿಸಿಕೊಂಡು ಒಂದೊಂದೇ ಬೈಗುಳ ಹೇಳಿಕೊಟ್ಟೆ. ಜಿಪುಣಿ ನಾನು ಕಲಿಸಿದ್ದು, ಕಲ್ಲೆದೆಯವಳೂ ನಾನು ಕಲಿಸಿದ್ದು. ಮಜ್ಜಿಗೆಗೆ ನೀರು ಬೆರೆಸುವ ಮನೆತನ ಎಂಬುದನ್ನು ಮಾತ್ರ ನಾನು ಹೇಳಿಕೊಟ್ಟಿರಲಿಲ್ಲ. ಅದನ್ನು ತೊಟ್ಟಿಲ ದಿನ ನಾನೇ ವಿಚಾರಿಸಿಕೊಳ್ಳುತ್ತೇನೆ ಎಂದು ಆಕೆಗೆ ಹೇಳು.