ರೈಲು ಬಂದ ಮೇಲೆ ತೆರೆಯುತ್ತೇವೆ

ಟೊರಾಂಟೊ
ಮಾರ್ಚ್ ತಿಂಗಳ ಒಂದು ಭಾನುವಾರ, ಚರ್ಚಿನ ಹೊತ್ತು (ನಾನು ಹೋಗಿಲ್ಲ)

ನನ್ನ ಅಜ್ಜೀ,

ಈ ಕಾಗದ ನಿನ್ನ ಕೈಯಲ್ಲಿದೆ ಎಂದರೆ ನಾನು ಸಾಮಾನು ತುಂಬಿ ಹಡಗಿಗೆ ಹಾಕಿದ ಪೀಪಾಯಿ ಜಮೈಕಾ ಸೇರಿದೆ, ನೀನು ಯಾರನ್ನೂ ಕರೆಯದೆ ನೀನೇ ಸುತ್ತಿಗೆ ಹಿಡಿದು ಮುಚ್ಚಳ ಎಬ್ಬಿಸಿದ್ದೀಯ. ಮೊಣಕಾಲು ಹೇಗಿದೆ? ಮೊದಲು ಕುರ್ಚಿ ಎಳೆದುಕೊಂಡು ಕೂತುಕೋ.

ಕ್ರಿಸ್‌ಮಸ್ಸಿಗೆ ಬರಬೇಕಿದ್ದ ಪೀಪಾಯಿ ಈಸ್ಟರ್ ಕಳೆದ ಮೇಲೆ ಬರುತ್ತಿದೆ. ಅಕ್ಕಪಕ್ಕದವರ ಪೀಪಾಯಿಗಳೆಲ್ಲ ಬಂದು ನಿನ್ನದು ಮಾತ್ರ ಬರದಿದ್ದಾಗ ನೀನು ಏನು ಅಂದುಕೊಂಡಿರುತ್ತೀಯ ಎಂದು ನನಗೆ ಗೊತ್ತು. ಮನ್ನಿಸು. ಹೇಳಿಕೊಳ್ಳುವ ನೆಪ ಯಾವುದೂ ಇಲ್ಲ. ದಿನಾ ಕೆಲಸದಿಂದ ಬಂದು ಬೂಟು ಬಿಚ್ಚುವಷ್ಟರಲ್ಲಿ ಮೈ ಸೋತು ಹೋಗುತ್ತಿತ್ತು. ತೆರೆದ ಪೀಪಾಯಿ ಅಡುಗೆಮನೆಯ ಮೂಲೆಯಲ್ಲಿ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ನಾನು ಅದರ ಪಕ್ಕದಲ್ಲೇ ಹಾದು ಹೋಗಿ ಮಲಗುತ್ತಿದ್ದೆ.

ಮೇಲಿನ ಅರ್ಧದಲ್ಲಿ ನೀನು ಕೇಳಿದ್ದೆಲ್ಲ ಇದೆ: ಅಕ್ಕಿ, ಎಣ್ಣೆ, ಡಬ್ಬಿ ಮಾಂಸ, ಹಳದಿ ಸೋಪು, ಪಾದ್ರಿಯ ಹೆಂಡತಿಗೆ ಕಾಲುಚೀಲ. ಕೆಳಗಿನ ಅರ್ಧ ನೀನು ಕೇಳಿದ್ದಲ್ಲ. ಅದಕ್ಕೆ ಕೈ ಹಾಕುವ ಮೊದಲು ಈ ಕಾಗದವನ್ನು ಪೂರ್ತಿ ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಕಿವಿಗೆ ಅರ್ಧ ಮಾತು ಕೇಳಿಸುವುದಿಲ್ಲ, ಉಳಿದ ಅರ್ಧವನ್ನು ಲೋರ್ನಾ ಚಿಕ್ಕಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು ತನಗೆ ಬೇಕಾದ ಹಾಗೆ ಹೇಳುತ್ತಾಳೆ.

ನಮ್ಮ ಬೀದಿಯಡಿ ವರ್ಷಗಟ್ಟಲೆ ಅಗೆದ ಆ ರೈಲು ಬಂತು, ಅಜ್ಜಿ. ಚಿಕ್ಕಮ್ಮ ನಿನಗೆ ಹೇಳಿದ್ದರಲ್ಲಿ ಅದೊಂದು ನಿಜ. ನಿನ್ನ ಜಡೆ ಹೆಣೆಯುವ ಅಂಗಡಿ ಹಾಗೇ ಇದೆ, ಧೂಳು ಹೊಡೆದರೆ ಸಾಕು, ಬೇಸಿಗೆಗೆ ಬಂದು ಬಾಗಿಲು ತೆಗಿ ಅಂದಳಲ್ಲ, ಅದು ಸುಳ್ಳು. ನಮ್ಮ ಸಾಲಿನ ಮಳಿಗೆಗಳನ್ನೆಲ್ಲ ಮಾಲೀಕ ಮಾರಿಬಿಟ್ಟ. ಮೀನಿನಂಗಡಿ, ಕ್ಯಾಸೆಟ್ಟಿನಂಗಡಿ, ನಿನ್ನದು, ಎಲ್ಲ ಕೆಡವಿ ಗುಂಡಿ ತೋಡಿದ್ದಾರೆ. ಅಲ್ಲೀಗ ಬಹುಮಹಡಿ ಕಟ್ಟಡದ ಚಿತ್ರ ನಿಲ್ಲಿಸಿದ್ದಾರೆ. ಚಿತ್ರದಲ್ಲಿ ಒಬ್ಬಳು ನಾಯಿ ಹಿಡಿದುಕೊಂಡು ನಗುತ್ತಾ ನಿಲ್ದಾಣದಿಂದ ಹೊರಗೆ ಬರುತ್ತಿದ್ದಾಳೆ. ನಮ್ಮ ಬೀದಿಯಲ್ಲಿ ಅಂಥ ಮುಖವನ್ನು ನಾನು ಕಂಡಿಲ್ಲ.

"ಮುದುಕಿಗೆ ಈಗ್ಲೇ ಯಾಕೆ ಹೇಳ್ಬೇಕು? ಚಳಿ ಅನ್ನು, ಸೋರ್ತಿದೆ ಅನ್ನು. ಬೇಸಿಗೆ ಬರ್ಲಿ, ನೋಡೋಣ," ಅಂದಳು ಚಿಕ್ಕಮ್ಮ.

"ಅವಳು ಟಿಕೆಟ್ ತಗೊಳ್ತಾಳೆ ಚಿಕ್ಕಮ್ಮ. ಬಂದು ಬೀಗದ ಕೈ ಹಿಡ್ಕೊಂಡು ಗುಂಡಿ ಮುಂದೆ ನಿಂತ್ಕೊಳ್ತಾಳೆ," ಅಂದೆ.

"ನಿನ್ನ ಬಾಯಿಗೊಂದು ಬಾಗಿಲಿಲ್ಲ ನೋಡು. ಶಾಲೆಯಿಂದ ನಿನ್ನ ಹೊರಗೆ ಹಾಕಿದ್ದೂ ಇದಕ್ಕೇ."

ಹೊರಗೆ ಹಾಕಿರಲಿಲ್ಲ, ನಾನೇ ಬಿಟ್ಟೆ. ಅದು ನಿನಗೆ ಗೊತ್ತು. ಚಿಕ್ಕಮ್ಮನೂ ಕೆಟ್ಟವಳಲ್ಲ. ನಿನಗೆ ಹೇಳಬೇಕಾಗುತ್ತದೆಂದು ಹೆದರಿ ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಾಳೆ.

ರೈಲು ಶುರುವಾದ ದಿನದ್ದು ಹೇಳಬೇಕು. ಆ ದಿನ ಬೀದಿಗೆ ಬಣ್ಣದ ಕಾಗದ, ತುತ್ತೂರಿ, ಕೋಟು ಹಾಕಿಕೊಂಡವರ ಭಾಷಣ ಎಲ್ಲ ಬಂದಿತ್ತು. ನಾನು ರಜೆ ಹಾಕಿ ಅಂಗಡಿಯ ಮುಂದೆ ನಿಂತಿದ್ದೆ. ಸಾಮಾನು ತೆಗೆದುಕೊಳ್ಳಲು ಮಾಲೀಕ ಆ ವಾರದವರೆಗೆ ಗಡುವು ಕೊಟ್ಟಿದ್ದ. ಬಾಗಿಲಿನ ಗಾಜಿನ ಮೇಲೆ ನಿನ್ನ ಚೀಟಿ ಹಾಗೇ ಇತ್ತು. ಬಿಸಿಲಿಗೆ ಹಳದಿಯಾಗಿತ್ತು, ಆದರೆ ನಿನ್ನ ದಪ್ಪ ಅಕ್ಷರ ಬೀದಿಯ ಆಚೆ ಬದಿಯಿಂದಲೂ ಕಾಣುತ್ತಿತ್ತು: "ರೈಲು ಬಂದ ಮೇಲೆ ತೆರೆಯುತ್ತೇವೆ." ಬೀದಿ ಅಗೆಯುವವರು ಫಲಕದಲ್ಲಿ ಬರೆದಿದ್ದ ವರ್ಷವನ್ನು ನಂಬಿ ನೀನು ಅದನ್ನು ಬರೆದು, ಬಾಗಿಲು ಹಾಕಿ ಜಮೈಕಾಕ್ಕೆ ಹೋದೆ. ಆ ವರ್ಷದ ಮೇಲೆ ಇನ್ನೊಂದು ವರ್ಷ ಅಂಟಿಸಿದರು, ಅದರ ಮೇಲೆ ಮತ್ತೊಂದು. ಕೊನೆಗೆ ವರ್ಷವನ್ನೇ ಕಿತ್ತುಹಾಕಿ "ಶೀಘ್ರದಲ್ಲಿ" ಎಂದಷ್ಟೇ ಬಿಟ್ಟರು. ನಿನ್ನ ಚೀಟಿಯನ್ನು ಮಾತ್ರ ಯಾರೂ ಬದಲಿಸಲಿಲ್ಲ.

ಹೊಸ ನಿಲ್ದಾಣದ ಬಾಗಿಲಿನಿಂದ ಒಬ್ಬ ಮುದುಕಿ ತಳ್ಳುಗಾಡಿ ಹಿಡಿದುಕೊಂಡು ಮೆಲ್ಲಗೆ ಬಂದಳು. ತಲೆಗೆ ನೇರಳೆ ವಸ್ತ್ರ. ನಿನ್ನ ಶನಿವಾರದ ಗಿರಾಕಿ ಮಿಸ್ ಯೂಫಿ! ಸೀದಾ ನಮ್ಮ ಬಾಗಿಲಿಗೇ ಬಂದು ಗಾಜು ತಟ್ಟಿದಳು.

"ರೊಶೆಲ್, ಯಾಕಿನ್ನೂ ಬೀಗ ಹಾಕಿದೆ? ರೈಲು ಬಂತಲ್ಲ. ಅದರಲ್ಲೇ ಬಂದೆ. ನಿಮ್ಮಜ್ಜಿ ಒಳಗಿದ್ದಾಳಾ?"

ವಸ್ತ್ರ ಬಿಚ್ಚಿ ತೋರಿಸಿದಳು. ತಲೆ ತೊಳೆದುಕೊಂಡು, ಎಣ್ಣೆ ಹಚ್ಚಿಕೊಂಡು, ಸಿಕ್ಕು ಬಿಡಿಸಿಕೊಂಡು ತಯಾರಾಗಿ ಬಂದಿದ್ದಳು. ಬೆಳ್ಳಗಿನ ತೆಳು ಕೂದಲು. ತೊಳೆದ ತಲೆಯೊಂದಿಗೆ ಬಂದವರನ್ನು ಹಾಗೇ ಕಳಿಸಬಾರದು ಎಂಬುದು ನಿನ್ನ ಅಂಗಡಿಯ ಕಟ್ಟಳೆ ಅಲ್ಲವೇ? ಒಳಗೆ ದೀಪ ಇಲ್ಲ, ನೀರಿಲ್ಲ, ಬಿಸಿ ಇಲ್ಲ. ಹೊರಗೆ ಹಿಮ. ಬಾಚಣಿಗೆ, ಪಿನ್ನಿನ ಡಬ್ಬಿ ಎತ್ತಿಕೊಂಡು ಅವಳನ್ನು ನಿಲ್ದಾಣಕ್ಕೇ ವಾಪಸು ಕರೆದುಕೊಂಡು ಹೋದೆ. ಅಲ್ಲಿ ಬೆಚ್ಚಗಿತ್ತು. ಬೆಂಚಿನ ಮೇಲೆ ಕೂರಿಸಿ ಹಿಂದೆ ನಿಂತೆ. ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದೆ. "ಓದೋಕೆ ಕೂರಲ್ಲ, ಬಾಚೋಕೆ ನಿಲ್ಲಲ್ಲ, ನೀನೇನು ಗಾಳಿಗೆ ಹುಟ್ಟಿದ್ಯಾ?" ಎಂದು ಎಷ್ಟು ಬೈದಿದ್ದೀಯ! ಆದರೂ ನೀನು ಬಾಚುವುದನ್ನು ನೋಡಿದ್ದರಲ್ಲೇ ಬೆರಳುಗಳು ಒಂದಿಷ್ಟು ಕಲಿತಿದ್ದವು.

ಎರಡನೇ ಸಾಲು ಹೆಣೆಯುವಾಗ ಸಮವಸ್ತ್ರದ ಹುಡುಗನೊಬ್ಬ ಬಂದ.

"ಕ್ಷಮಿಸಿ, ಇಲ್ಲಿ ತಲೆ ಬಾಚೋ ಹಾಗಿಲ್ಲ."

ಮಿಸ್ ಯೂಫಿ ಕತ್ತು ತಿರುಗಿಸಲಿಲ್ಲ. "ಯಾವ ಬೋರ್ಡಲ್ಲಿದೆ ಮಗಾ? ಸಿಗರೇಟು ಬೇಡ ಅಂತಿದೆ, ಓಡ್ಬೇಡಿ ಅಂತಿದೆ. ಜಡೆ ಬೇಡ ಅಂತ ಎಲ್ಲಿದೆ, ತೋರ್ಸು."

"ಅದಲ್ಲ ಅಜ್ಜೀ, ಜನ ಓಡಾಡೋ ಜಾಗ..."

"ಈ ರೈಲಿಗೋಸ್ಕರ ನನ್ನ ಬಸ್ ನಿಲ್ದಾಣಾನ ಎಲ್ಲೆಲ್ಲಿಗೆ ಅಟ್ಟಿದ್ರಪ್ಪಾ! ಈ ಕಾಲು ಇಟ್ಕೊಂಡು ಅದರ ಹಿಂದೆ ಸುತ್ತಿದ್ದೀನಿ. ನಾನೇನಾದ್ರೂ ಅಂದ್ನಾ? ನೀನೂ ಈಗ ಸುಮ್ನಿರು. ಆ ಡಬ್ಬಿ ಹಿಡ್ಕೋ, ಇವಳಿಗೆ ಕೈ ಸಾಲ್ತಿಲ್ಲ."

ಅವನು ಅತ್ತಿತ್ತ ನೋಡಿ ಡಬ್ಬಿ ಹಿಡಿದುಕೊಂಡು ನಿಂತ. ಅಜ್ಜಿ, ನೀನಿದ್ದಿದ್ದರೆ ನಗುತ್ತಿದ್ದೆ.

ಮುಗಿದ ಮೇಲೆ ಮಿಸ್ ಯೂಫಿ ಬಂದು ನಿಂತಿದ್ದ ರೈಲಿನ ಗಾಜಿನಲ್ಲಿ ನೋಡಿಕೊಂಡಳು. "ಐಸಿಲ್ಡಾ ಮೊಮ್ಮಗಳಾ ನೀನು? ಬೈತಲೆ ನೋಡು, ಅಗೆದಿಟ್ಟ ನಮ್ಮ ಬೀದಿ ಇದ್ದ ಹಾಗಿದೆ. ಎಲ್ಲಿ, ನಿನ್ನ ಟೋಪಿ ತೆಗಿ, ನಿನ್ನ ತಲೆ ಹೇಗಿದೆ ನೋಡೋಣ."

ಒಲ್ಲೆ ಅಂದೆ.

"ನಿಮ್ಮಜ್ಜಿ ಯಾವಾಗ ಬರ್ತಾಳೆ?"

"ಅಂಗಡಿ ಹೋಯ್ತು, ಮಿಸ್ ಯೂಫಿ. ಅಜ್ಜಿಗಿನ್ನೂ ಗೊತ್ತಿಲ್ಲ."

ಅವಳು ವಸ್ತ್ರವನ್ನು ಮತ್ತೆ ಕಟ್ಟಿಕೊಂಡಳು. "ಸ್ವಲ್ಪ ಸುಳ್ಳು ಹೇಳೋದು ನಿಂಗ್ಯಾರೂ ಕಲಿಸ್ಲಿಲ್ವಾ?" ಅಂದಳು. ಬೈಗುಳವಲ್ಲ ಅದು. ಸುಸ್ತಾಗಿ ಕೇಳಿದ ಹಾಗಿತ್ತು. ಮುಂದಿನ ರೈಲು ಬಂತು, ಹತ್ತಿ ಹೋದಳು.

ಆಮೇಲೆ ನಾನೂ ಹತ್ತಿದೆ. ನಿಜ ಹೇಳಲಾ? ರೈಲು ಚೆನ್ನಾಗಿದೆ. ದ್ವೇಷಿಸಬೇಕೆಂದೇ ಹತ್ತಿದ್ದೆ, ಆಗಲಿಲ್ಲ. ಮೆತ್ತಗೆ ಹೋಗುತ್ತದೆ, ಬೆಚ್ಚಗಿರುತ್ತದೆ. ನೀನು ಆಸ್ಪತ್ರೆಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದ ದಾರಿಯನ್ನು ಅದು ಒಂದು ಹಾಡು ಮುಗಿಯುವಷ್ಟರಲ್ಲಿ ದಾಟಿತು. ನಮ್ಮ ಬೀದಿಯ ಅಡಿಯಲ್ಲಿ ಹೋಗುವಾಗ ನಿನ್ನ ಅಂಗಡಿ ಸರಿಯಾಗಿ ತಲೆಯ ಮೇಲೆ ಎಲ್ಲಿರಬಹುದು ಎಂದು ಲೆಕ್ಕ ಹಾಕಿದೆ, ಗೊತ್ತಾಗಲಿಲ್ಲ. ಕತ್ತಲಲ್ಲಿ ಎಲ್ಲ ಜಾಗವೂ ಒಂದೇ ಥರ.

ರೈಲಿಗೆ ಅಗೆಯುವವರ ಬಳಿ ಕಾರು ತಡೆದು ನಿಲ್ಲಿಸುವ ನನ್ನ ಕೆಲಸ ಈಗ ನಮ್ಮ ಬೀದಿಯಿಂದ ಊರಿನ ಆಚೆ ಬದಿಗೆ ಹೋಗಿದೆ. ಅಲ್ಲೊಂದು ಹೊಸ ರೈಲು ದಾರಿ ಅಗೆಯುತ್ತಿದ್ದಾರೆ. ಅದೇ "ನಿಲ್ಲಿ, ನಿಧಾನ" ಫಲಕ, ಅದೇ ಕೋಲು, ಬೇರೆ ಬೀದಿ. ನಮ್ಮವರು "ಅಜ್ಜಿ ಅಂಗಡಿ ಮುಳುಗಿಸೋರಿಗೆ ಕೋಲು ಹಿಡೀತಾಳೆ" ಎಂದು ಆಡಿಕೊಂಡರಲ್ಲ, ಅಲ್ಲಿ ಹಾಗೆ ಅನ್ನುವವರಿಲ್ಲ. ಯಾರೂ ನನ್ನನ್ನು ಅರಿಯರು. ಅದು ಸುಖ ಅಂದುಕೊಂಡಿದ್ದೆ.

ನಾನು ನಿಲ್ಲುವ ಕಡೆ ಸೆನಾಯ್ತ್ ಎಂಬ ಎರಿಟ್ರಿಯಾದ ಹೆಂಗಸಿನ ಕಾಫಿ ಅಂಗಡಿಯಿದೆ. ಮೊನ್ನೆ ನನಗೆ ಕಾಫಿ ತಂದುಕೊಟ್ಟು ಕೇಳಿದಳು: "ಮಗಳೇ, ಇದು ಯಾವಾಗ ಮುಗಿಯುತ್ತೆ? ಬಾಗಿಲು ಹಾಕಿ ತಂಗಿ ಮನೇಗೆ ಹೋಗಿ, ರೈಲು ಬಂದ್ಮೇಲೆ ತೆಗೆಯೋಣ ಅಂತಿದ್ದೀನಿ."

ಕಾಫಿಯನ್ನು ಕೆಳಗಿಟ್ಟೆ. "ಬೋರ್ಡಲ್ಲಿರೋ ವರ್ಷ ನಂಬ್ಬೇಡಿ ಅಕ್ಕಾ. ಇರೋ ಹಾಗಿದ್ರೆ ಇರಿ, ಮುಚ್ಚೋ ಹಾಗಿದ್ರೆ ಪೂರ್ತಿ ಮುಚ್ಚಿ. ಚೀಟಿ ಅಂಟಿಸಿ ಮಾತ್ರ ಹೋಗ್ಬೇಡಿ," ಅಂದೆ.

ಮೇಸ್ತ್ರಿ ಡೊಮೆನಿಕ್ ಕೇಳಿಸಿಕೊಂಡ. "ರೊಶೆಲ್, ನಿಂಗೆ ಕೋಲು ಕೊಟ್ಟಿರೋದು ಕಾರು ನಿಲ್ಸೋಕೆ. ಜನರ ಎದೆ ನಿಲ್ಸೋಕಲ್ಲ."

"ಅವರು ಕೇಳಿದ್ರು."

"ಕೇಳಿದ್ರೆ ಆಫೀಸಿನ ನಂಬರ್ ಕೊಡು."

"ಆ ನಂಬರ್ ಯಾರೂ ಎತ್ತಲ್ಲ."

"ನಂಗೊತ್ತಿಲ್ವಾ? ಅದಕ್ಕೇ ಕೊಡೋದು."

ಇನ್ನೊಂದು ಸಲ ಹೀಗೆ ಮಾಡಿದರೆ ಮನೆಗೆ ಕಳಿಸುತ್ತಾನಂತೆ. ಕಳಿಸಲಿ. ಸೆನಾಯ್ತ್ ಇನ್ನೂ ಬಾಗಿಲು ಹಾಕಿಲ್ಲ. ನಿನ್ನೆಯೂ ಕಾಫಿ ಕೊಟ್ಟಳು.

ಈಗ ಕೆಳಗಿನ ಅರ್ಧಕ್ಕೆ ಕೈ ಹಾಕು. ನಿನ್ನ ಕಬ್ಬಿಣದ ಬಾಚಣಿಗೆಗಳು, ಕುರ್ಚಿಯ ಮೆತ್ತೆ, ಕೈಗನ್ನಡಿ, ಗೋಡೆಯಲ್ಲಿದ್ದ ತಾತನ ಫೋಟೋ ಇವೆ. ಕನ್ನಡಿ ಒಡೆಯದಿರಲೆಂದು ಮಗ್ಗುಲಿಗೆ ಅಕ್ಕಿ ತುಂಬಿದ್ದೇನೆ. ಕುರ್ಚಿಯನ್ನು ಒಬ್ಬ ಕ್ಷೌರಿಕ ಒಯ್ದ. ಚೀಟಿ ಕೀಳುವಾಗ ಹರಿದುಹೋಯಿತು, ಹಾಗಾಗಿ ಕಳಿಸಿಲ್ಲ. ಅಲ್ಲೇ ಜಗಲಿಯಲ್ಲಿ ಮೆತ್ತೆ ಹಾಕಿ ನಾಲ್ಕು ಜನಕ್ಕೆ ತಲೆ ಬಾಚು. ಇಲ್ಲಿಗೆ ಬರಬೇಡ ಅಜ್ಜಿ. ಟಿಕೆಟ್ ತೆಗೆದುಕೊಂಡಿದ್ದರೆ ಹಿಂದಿರುಗಿಸು. ತೆರೆಯಲು ಬಾಗಿಲೇ ಇಲ್ಲ.

ದೇವರು ನಿನ್ನ ಮೊಣಕಾಲು ಕಾಯಲಿ, ನಿನ್ನ ಕೈಯ ಬಿಸಿ ಆರದಿರಲಿ. ನನಗೂ ಒಂದು ಪ್ರಾರ್ಥನೆ ಮಾಡು. ನನ್ನದು ಅಷ್ಟು ಮೇಲೆ ಹೋಗುವುದಿಲ್ಲ.

ನಿನ್ನ
ರೊಶೆಲ್

ಮರೆತದ್ದು: ಅಕ್ಕಿಯ ಚೀಲದ ಪಕ್ಕದಲ್ಲಿ ಚಿಕ್ಕಮ್ಮ ನನ್ನ ಹೊಸ ಫೋಟೋ ಇಟ್ಟಿದ್ದಾಳೆ. ನೋಡಿ ಗಾಬರಿಯಾಗಬೇಡ. ತಲೆ ಬೋಳಿಸಿಕೊಂಡಿದ್ದೆ. ಕೆಲಸದ ಹೆಲ್ಮೆಟ್ಟಿಗೆ ಅನುಕೂಲವೆಂದು ಬೋಳಿಸಿದಳು ಎಂದು ಅವಳು ನಿನಗೆ ಹೇಳುತ್ತಾಳೆ. ಹೆಲ್ಮೆಟ್ಟಿಗಲ್ಲ. ನೀನು ಹೋದ ಮೇಲೆ ಬೇರೆ ಯಾರ ಕೈಯೂ ನನ್ನ ತಲೆಗೆ ಹಿಡಿಸಲಿಲ್ಲ. ಎರಡು ಅಂಗಡಿಗಳಲ್ಲಿ ಕೂತು ಅರ್ಧಕ್ಕೇ ಎದ್ದು ಬಂದೆ. ಜಡೆಗಳೆಲ್ಲ ಗಂಟುಗಟ್ಟಿ ಹೋದವು. ಈಗ ಮತ್ತೆ ಬೆಳೆಯುತ್ತಿದೆ, ಬೆರಳಿಗೆ ಸಿಗುವಷ್ಟಾಗಿದೆ. ಬರಬೇಡ ಎಂದು ಬರೆದೆನಲ್ಲ, ಅಂಗಡಿಗೋಸ್ಕರ ಬರಬೇಡ ಎಂದಷ್ಟೇ ಬರೆದದ್ದು.