ವಿಶೇಷವೇನಿಲ್ಲದ ವರ್ಷಗಳು

ಕರಾಮ, ದುಬೈ

ಚಾಮರಾಜ ಸುಬೇದಾರ್ ಸಾಹೇಬರಿಗೆ ಗನ್ನರ್ ಜುವಾಕಿಮನ ಸೆಲ್ಯೂಟ್.

ನೀವು ಬರೆದು ಕಳಿಸಿದ ನಮ್ಮ ಮೀಸಲು ತೋಪುಪಡೆಯ ಇತಿಹಾಸ ಓದಿದೆ. ಎಪ್ಪತ್ತೊಂದರ ಯುದ್ಧಕ್ಕೂ ಕಾರ್ಗಿಲ್‌ಗೂ ನಡುವೆ ‘ವಿಶೇಷವೇನಿಲ್ಲ’ ಅಂತ ಒಂದೇ ಸಾಲು! ವರ್ಷವರ್ಷವೂ ಶಿಬಿರಕ್ಕೆ ಬಂದು ಖಾಲಿ ಗುಡ್ಡಕ್ಕೆ ಗುಂಡು ಹೊಡೆದು, ದಿನವಿಡೀ ತೋಪಿನ ನಳಿಗೆ ತಿಕ್ಕಿದವರು ನಾವು. ತೋಪು ಹಾರಿಸುವಾಗ ಕಿವಿ ಒಡೆಯದಂತೆ ಬಾಯಿ ತೆರೆಯಬೇಕೆಂದು ಕಲಿಸಿದವರು ನೀವೇ.

ಮೊನ್ನೆ ರಂಜಾನ್ ಉಪವಾಸ ಬಿಡುವ ಹೊತ್ತಿಗೆ ಇಲ್ಲಿನ ಪೊಲೀಸರು ತೋಪು ಹಾರಿಸುವುದನ್ನು ನೋಡಲು ಮಗಳು ಜೋಯ್ಲಿನ್ ಕರೆದೊಯ್ದಿದ್ದಳು. ಆರ್ಡರ್ ಕೇಳಿದ್ದೇ ತಡ, ನನ್ನ ಬಾಯಿ ತಾನಾಗಿ ತೆರೆಯಿತು. ತೋಪು ಢಂ ಅಂದಿತು. ಪಕ್ಕದಲ್ಲಿದ್ದ ಅಜ್ಜ, ಪಾಪ ಹಸಿದಿದ್ದಾನೆ ಅಂದುಕೊಂಡು, ಉಪವಾಸ ಬಿಡಲು ಹಿಡಿದಿದ್ದ ತನ್ನ ಮೊದಲ ಖರ್ಜೂರವನ್ನು ನನ್ನ ಬಾಯಿಗಿಟ್ಟ.

ಆ ಸಾಲು ಹೊಡೆದುಹಾಕಿ ಸಾಬ್. ನಮ್ಮ ತೋಪಿಗೆ ಯಾರೂ ಸಾಯಲಿಲ್ಲ, ಕಲಿತದ್ದೂ ದಂಡವಾಗಲಿಲ್ಲ ಅಂತ ಬರೆಯಿರಿ.

ನಿಮ್ಮ
ಜುವಾಕಿಂ